ನೆಟ್‌ವರ್ಕ್ ಕಡಿತವಾದರೂ ಸಂದೇಶ ತಲುಪುವುದು ಹೇಗೆ? ಏನಿದು ಡಿಟಿಎನ್?

ಎರಡು ದಶಕಗಳ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳಿಗೆ ಹೋಗುತ್ತಿದ್ದ ಸರ್ಕಾರಿ ಬಸ್ಸೊಂದು ಪ್ರಯಾಣಿಕರ ಜತೆಗೆ ಪಹಣಿಯ ಮಾಹಿತಿಯನ್ನೂ ಹೊತ್ತೊಯ್ಯುತ್ತಿತ್ತು. ಇಂಟರ್ನೆಟ್ ಇಲ್ಲದ ಊರುಗಳಿಗೆ 'ಭೂಮಿ' ಯೋಜನೆಯ ದಾಖಲೆ ತಲುಪಿಸುವ ಈ ಪ್ರಯೋಗದ ಹೆಸರು 'ಡಾಕ್‌ನೆಟ್'. ರೂಪಿಸಿದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಸಂಶೋಧಕರು.

ಬಸ್ ಮಾಡಿದ್ದೇನು?

ಹಳ್ಳಿಯ ಕಂಪ್ಯೂಟರ್‌ನಲ್ಲಿ ಹಾಕಿದ ಅರ್ಜಿ ಅಲ್ಲೇ ಕಾಯುತ್ತಿತ್ತು. ವೈಫೈ ಉಪಕರಣವಿದ್ದ ಬಸ್ ಹತ್ತಿರ ಬಂದೊಡನೆ ಅದಕ್ಕೆ ವರ್ಗವಾಗಿ, ತಾಲ್ಲೂಕು ಕೇಂದ್ರದಲ್ಲಿ ಇಳಿಯುತ್ತಿತ್ತು. ಉತ್ತರ ಮುಂದಿನ ಟ್ರಿಪ್‌ನಲ್ಲಿ ಬರುತ್ತಿತ್ತು. ತಾಲ್ಲೂಕು ಕಚೇರಿಗೆ ರೈತ ಅಲೆಯುವ ಬದಲು ಅರ್ಜಿಯೇ ಓಡಾಡಲಿ ಎಂಬುದು ಇದರ ಆಶಯ.

ಡಿಟಿಎನ್ ಎಂದರೆ?

ಸಾಮಾನ್ಯ ಇಂಟರ್ನೆಟ್‌ಗೆ ಕಳುಹಿಸುವವರಿಂದ ಪಡೆಯುವವರವರೆಗೆ ಇಡೀ ಸಂಪರ್ಕ ಏಕಕಾಲಕ್ಕೆ ಬೇಕು. ನಡುವೆ ಒಂದು ಕೊಂಡಿ ಕಳಚಿದರೂ ಸಂದೇಶ ನಿಲ್ಲುತ್ತದೆ. 'ಡಿಲೇ ಟಾಲರೆಂಟ್ ನೆಟ್‌ವರ್ಕಿಂಗ್' ಅರ್ಥಾತ್ ಡಿಟಿಎನ್‌ನಲ್ಲಿ ಹಾಗಲ್ಲ. ಪ್ರತಿ ಸಾಧನವೂ ಸಂದೇಶವನ್ನು ಉಳಿಸಿಕೊಂಡು, ಮುಂದಿನ ಸಂಪರ್ಕ ಸಿಕ್ಕಾಗ ದಾಟಿಸುತ್ತದೆ.

ಯಾರ ಕೈಗೆ ಕೊಡಬೇಕು?

ಬಸ್ಸಿನಂತೆ ವೇಳಾಪಟ್ಟಿ ಗೊತ್ತಿದ್ದರೆ ದಾರಿ ನಿರ್ಧರಿಸುವುದು ಸುಲಭ. ಯಾರು ಯಾವಾಗ ಎದುರಾಗುತ್ತಾರೆಂದು ತಿಳಿಯದಿದ್ದರೆ ಕಷ್ಟ. ಇದಕ್ಕೆ ಮೂರು ಮುಖ್ಯ ವಿಧಾನಗಳಿವೆ:

* ಎಪಿಡೆಮಿಕ್: ಎದುರಾದ ಎಲ್ಲ ಸಾಧನಗಳಿಗೂ ಪ್ರತಿ ಕೊಡುವುದು. ತಲುಪುವ ಸಾಧ್ಯತೆ ಹೆಚ್ಚು. ಆದರೆ ಮೆಮೊರಿ, ಬ್ಯಾಟರಿ ಬೇಗ ಖಾಲಿ.
* ಸ್ಪ್ರೇ ಆ್ಯಂಡ್ ವೇಟ್: ನಿಗದಿತ ಸಂಖ್ಯೆಯ ಪ್ರತಿಗಳನ್ನಷ್ಟೇ ಹಂಚಿ ಕಾಯುವುದು.
* ಪ್ರಾಫೆಟ್: ಹಿಂದಿನ ಭೇಟಿಗಳ ಲೆಕ್ಕ ಇಟ್ಟು, ಗುರಿಯನ್ನು ಹೆಚ್ಚು ಬಾರಿ ಸಂಧಿಸುವ ಸಾಧನಕ್ಕೆ ಕೊಡುವುದು.

ಬಾಹ್ಯಾಕಾಶದಲ್ಲೂ ಬಳಕೆ

ಮಂಗಳದಿಂದ ಸಂಕೇತ ಭೂಮಿಗೆ ಬರಲು ಸುಮಾರು 3ರಿಂದ 22 ನಿಮಿಷ ಬೇಕು. ಗ್ರಹ ಅಡ್ಡಬಂದರೆ ಸಂಪರ್ಕವೇ ಇರದು. ಹೀಗಾಗಿ ನಾಸಾ 2008ರಲ್ಲಿ ದೂರದ ನೌಕೆಯೊಂದರೊಡನೆ ಡಿಟಿಎನ್ ಪರೀಕ್ಷಿಸಿತು. 2024ರಲ್ಲಿ ಉಡಾವಣೆಯಾದ 'ಪೇಸ್' ಉಪಗ್ರಹ ಇದನ್ನು ದೈನಂದಿನ ಕೆಲಸಕ್ಕೆ ಬಳಸುತ್ತಿದೆ.

ಮಿತಿ ಏನು?

ಫೋನ್ ಕರೆಗೆ, ಒಟಿಪಿಗೆ ಇದು ಹೊಂದದು. ಸಂದೇಶ ತಲುಪಿತೇ ಎಂಬುದು ಕಳುಹಿಸಿದವರಿಗೆ ತಕ್ಷಣ ತಿಳಿಯದು. ಪ್ರತಿ ಸಂದೇಶಕ್ಕೂ ಅವಧಿ ಇರುತ್ತದೆ, ಮುಗಿದರೆ ಅಳಿಸಿಹೋಗುತ್ತದೆ. ಪ್ರವಾಹ, ಚಂಡಮಾರುತದಲ್ಲಿ ಟವರ್‌ಗಳು ಸ್ತಬ್ಧವಾದಾಗ ನೆರವಿನ ಕೋರಿಕೆಗೆ ಎಷ್ಟು ಅವಧಿ ಕೊಡಬೇಕು, ಎಷ್ಟು ಪ್ರತಿ ಹಂಚಬೇಕು ಎಂಬ ಲೆಕ್ಕ ಮುಖ್ಯವಾಗುವುದು ಇದೇ ಕಾರಣಕ್ಕೆ.