ಕಾಂಗ್ರೆಸ್ಸಿನ ಹೆಸರು ಯಾರ ಸೊತ್ತು?

1969ರ ಜುಲೈಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಂಗಳೂರಿನಲ್ಲಿ ಸಭೆ ಸೇರಿದಾಗ ಎದ್ದು ಕಂಡ ಬಿರುಕು ನವೆಂಬರ್ ಹೊತ್ತಿಗೆ ಪಕ್ಷವನ್ನೇ ಎರಡಾಗಿ ಸೀಳಿತು. ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿದ ಅಧ್ಯಕ್ಷ ಎಸ್. ನಿಜಲಿಂಗಪ್ಪ ಇದೇ ರಾಜ್ಯದವರು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಕಡೆಗಿದ್ದರು. ಹೀಗಾಗಿ ಆಗಿನ ಮೈಸೂರು ರಾಜ್ಯದಲ್ಲಿ ಸರ್ಕಾರವೂ ಪಕ್ಷದ ಹಳೆಯ ಯಂತ್ರವೂ ನಿಜಲಿಂಗಪ್ಪನವರ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ ಕೈಯಲ್ಲೇ ಉಳಿದವು. ಕಾಗದದ ಲೆಕ್ಕದಲ್ಲಿ ‘ನಿಜವಾದ ಕಾಂಗ್ರೆಸ್’ ತಮ್ಮದೇ ಎಂದು ಹೇಳಿಕೊಳ್ಳಲು ಅವರಿಗೆ ಬೇಕಾದಷ್ಟು ಆಧಾರವಿತ್ತು. ಆದರೆ 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಬಣ ಗೆದ್ದಿತು. ಮರುವರ್ಷ ವಿಧಾನಸಭೆಯ 216ರಲ್ಲಿ 165 ಸ್ಥಾನ ಬಂದು ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಹೆಸರಿನ ಹಕ್ಕುಪತ್ರ ಯಾರ ಬಳಿ ಇದೆಯೆಂದು ಮತದಾರ ಕೇಳಲಿಲ್ಲ. ಆ ಹೆಸರು ಈಗ ಯಾರ ಪರ ನಿಂತಿದೆ ಎಂದಷ್ಟೇ ಅವನು ನೋಡಿದ. ಮುಂದಿನ ಎರಡು ದಶಕಗಳ ಕರ್ನಾಟಕದ ರಾಜಕೀಯವನ್ನು ಈ ಒಂದು ಭೇದವನ್ನು ಹಿಡಿದು ಓದಿದರೆ ಒಗಟಿನಂತೆ ಕಾಣುವ ಹಲವು ಫಲಿತಾಂಶಗಳು ತಿಳಿಯಾಗುತ್ತವೆ.

ಓದುಬರಹವಿಲ್ಲದ ಜನ ಚಿಹ್ನೆ ನೋಡಿ ಕಣ್ಣುಮುಚ್ಚಿ ಮುದ್ರೆ ಒತ್ತುತ್ತಿದ್ದರು ಎಂಬುದು ಪಟ್ಟಣದ ಪಂಡಿತರ ಹಳೆಯ ವಿವರಣೆ. ದಾಖಲೆ ಇದನ್ನು ಒಪ್ಪುವುದಿಲ್ಲ. ಎರಡು ದಶಕ ಪರಿಚಿತವಾಗಿದ್ದ ಜೋಡೆತ್ತು ಹೋಗಿ 1971ರಲ್ಲಿ ಹಸು-ಕರು ಬಂತು. 1978ರ ಜನವರಿಯಲ್ಲಿ ಪಕ್ಷ ಮತ್ತೆ ಒಡೆದಾಗ ಅದೂ ಇಂದಿರಾ ಬಣಕ್ಕೆ ದಕ್ಕದೆ ಹಸ್ತ ಬಂತು. ಹೊಸ ಪಕ್ಷ, ಹೊಸ ಗುರುತು, ಕೈಯಲ್ಲಿದ್ದದ್ದು ಎರಡೇ ತಿಂಗಳು. ಆದರೂ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಅರಸು ನಾಯಕತ್ವದ ಇಂದಿರಾ ಕಾಂಗ್ರೆಸ್ 224ರಲ್ಲಿ 149 ಗೆದ್ದಿತು. ಹಳೆಯ ಹೆಸರನ್ನು ಹೊತ್ತುಕೊಂಡಿದ್ದ ಎದುರು ಬಣ ರೆಡ್ಡಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 2. ಚಿಹ್ನೆಗೆ ಮರುಳಾಗುವವರು ಹೀಗೆ ಎತ್ತಿನಿಂದ ಹಸುವಿಗೆ, ಹಸುವಿನಿಂದ ಹಸ್ತಕ್ಕೆ ದಾರಿ ತಪ್ಪದೆ ಹೋಗುವುದು ಸಾಧ್ಯವೇ? ಅದೇ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 59 ಸ್ಥಾನ ಬಂದವು. ದೆಹಲಿಯಲ್ಲಿ ಆಳುತ್ತಿದ್ದದ್ದು ಅದೇ ಪಕ್ಷ, ತುರ್ತುಪರಿಸ್ಥಿತಿಯ ವಿರುದ್ಧ ಹೋರಾಡಿದ ಕೀರ್ತಿಯೂ ಅದಕ್ಕಿತ್ತು. ಆದರೆ ಇಲ್ಲಿ ಅದರ ಮುಂದಿನ ಸಾಲಿನಲ್ಲಿ ಕೂತವರು ಬಹುಪಾಲು ಹಳೆಯ ಸಂಸ್ಥಾ ಕಾಂಗ್ರೆಸ್ಸಿಗರು. 1974ರ ಭೂಸುಧಾರಣೆಯಿಂದ ಹೊಲ ಪಡೆದವನಿಗೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗದ ವರದಿಯಲ್ಲಿ ತನ್ನ ಜಾತಿಯ ಹೆಸರು ಕಂಡವನಿಗೆ ‘ಜನತಾ’ ಎಂದರೆ ಪ್ರಜಾಪ್ರಭುತ್ವವಲ್ಲ, ಊರಿನ ದೊಡ್ಡ ಜಾತಿಯವರು ಮರಳಿ ಬರುವ ಬಾಗಿಲು. ಉತ್ತರ ಭಾರತದಲ್ಲಿ ಗೆದ್ದ ಹೆಸರು ಇಲ್ಲಿ ಸೋತದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣದು.

ಹಾಗಾದರೆ ಗೆದ್ದದ್ದು ಹೆಸರಲ್ಲ, ಅರಸರ ಕೆಲಸ ಅಲ್ಲವೇ ಎಂದು ಕೇಳಬಹುದು. ಆಕ್ಷೇಪ ಬಲವಾದದ್ದೇ. ಉತ್ತರವನ್ನು ಅರಸರ ಬದುಕೇ ಕೊಟ್ಟಿತು. 1979ರಲ್ಲಿ ಇಂದಿರಾ ಅವರಿಂದ ದೂರವಾಗಿ ಅವರು ತಮ್ಮದೇ ಕಾಂಗ್ರೆಸ್ ಕಟ್ಟಿದರು. ಭೂಸುಧಾರಣೆ ತಂದವರೂ ಹಿಂದುಳಿದವರನ್ನು ಒಗ್ಗೂಡಿಸಿದವರೂ ಅವರೇ, ಮುಖ್ಯಮಂತ್ರಿಯ ಕುರ್ಚಿಯೂ ಅವರದೇ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಒಂದು ಜನತಾ ಪಕ್ಷಕ್ಕೆ ಹೋದವು. ಅರಸು ಕಾಂಗ್ರೆಸ್ಸಿಗೆ ಒಂದೂ ಇಲ್ಲ. ಶಾಸಕರು ಗುಂಪುಗುಂಪಾಗಿ ಆ ಕಡೆ ದಾಟಿದರು, ಸರ್ಕಾರ ಬಿತ್ತು. ಫಲ ಉಂಡವರು ಅದನ್ನು ಬಡಿಸಿದ ಕೈಯನ್ನು ಬಿಟ್ಟು ಹೆಸರನ್ನು ನೆನಪಿಟ್ಟುಕೊಂಡಿದ್ದರು. ಇದನ್ನು ಕೃತಘ್ನತೆ ಎನ್ನುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಏಳೆಂಟು ವರ್ಷ ಪ್ರತಿಯೊಂದು ಕಾರ್ಯಕ್ರಮವನ್ನೂ ಇಂದಿರಾ ಹೆಸರಿನಲ್ಲಿ ಕೊಟ್ಟ ಮೇಲೆ ಜನ ಅದನ್ನು ನಂಬಿದ್ದು ತಪ್ಪೇ?

ಇನ್ನು ಕೆಲವರು ಇದೆಲ್ಲ ಇಂದಿರಾ ಎಂಬ ಒಬ್ಬ ವ್ಯಕ್ತಿಯ ಮೋಡಿ, ಪಕ್ಷದ ಹೆಸರಿಗೆ ಇದರಲ್ಲಿ ಪಾಲಿಲ್ಲ ಎನ್ನುತ್ತಾರೆ. 1978ರ ನವೆಂಬರ್‌ನಲ್ಲಿ ಇಂದಿರಾ ಚಿಕ್ಕಮಗಳೂರಿನಲ್ಲಿ ಇದೇ ವೀರೇಂದ್ರ ಪಾಟೀಲರನ್ನು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದನ್ನು ಸಾಕ್ಷಿಯಾಗಿ ತರುತ್ತಾರೆ. ಆದರೆ 1983ರ ಜನವರಿಯಲ್ಲಿ ಇಂದಿರಾ ಪ್ರಧಾನಿಯಾಗಿದ್ದಾಗಲೇ ಇಲ್ಲಿ ಕಾಂಗ್ರೆಸ್ 82ಕ್ಕೆ ಇಳಿಯಿತು. ಜನತಾ 95 ಪಡೆದು ರಾಮಕೃಷ್ಣ ಹೆಗಡೆ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ನಡುವೆ ಆದದ್ದೇನು? ನರಗುಂದ-ನವಲಗುಂದದ ರೈತರ ಮೇಲಿನ ಗೋಲಿಬಾರು, ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿ, ಅರಸರ ನಂತರ ಮುಖ್ಯಮಂತ್ರಿಯಾದ ಗುಂಡೂರಾಯರ ಆಡಳಿತ. ಇವೆಲ್ಲ ಸೇರಿ ‘ಕಾಂಗ್ರೆಸ್’ ಎಂದರೆ ಬಡವರ ಪಕ್ಷ ಎಂಬ ಅರ್ಥವನ್ನು ಅಳಿಸಿ ದೆಹಲಿಯ ಅಪ್ಪಣೆಯ ಪಕ್ಷ ಎಂಬ ಅರ್ಥವನ್ನು ಬರೆದವು. ಅತ್ತ ಅರಸರು ಕಟ್ಟಿಹೋದ ಕ್ರಾಂತಿರಂಗ ಜೊತೆಗೂಡಿದ ಮೇಲೆ ಜನತಾ ಎಂಬ ಹೆಸರಿಗಿದ್ದ ಮೇಲ್ಜಾತಿಯ ಬಣ್ಣ ತುಸು ತೆಳುವಾಯಿತು. ಅರಸರು ಇದನ್ನು ನೋಡಲಿಲ್ಲ. 1982ರ ಜೂನ್‌ನಲ್ಲೇ ತೀರಿಕೊಂಡಿದ್ದರು.

1984ರ ಡಿಸೆಂಬರ್‌ನಲ್ಲಿ ರಾಜ್ಯ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ನೈತಿಕ ಹೊಣೆ ಹೊತ್ತು ಹೆಗಡೆ ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಕೊಟ್ಟರು. ಮೂರು ತಿಂಗಳಲ್ಲಿ ಜನರ ಬುದ್ಧಿ ಬದಲಾಗಲಿಲ್ಲ, ಕೇಳಿದ ಪ್ರಶ್ನೆ ಬದಲಾಗಿತ್ತು. ಹೆಸರಿಗೆ ಓಟು ಬೀಳುತ್ತದೆ ಎಂದು ಲೆಕ್ಕ ಹಾಕುವವರು ದೆಹಲಿಗೆ ಹೊಂದುವ ಹೆಸರು ಬೆಂಗಳೂರಿಗೂ ಹೊಂದುತ್ತದೆ ಎಂದುಕೊಂಡರೆ ಮೋಸಹೋಗುತ್ತಾರೆ. ಹೆಸರೇ ಸಾಲದು, ಕೆಲಸವೇ ಸಾಲದು, ಎರಡೂ ಒಂದೇ ಕಡೆ ಇವೆಯೆಂದು ಜನ ನಂಬಬೇಕು. ಸಂಸ್ಥಾ ಕಾಂಗ್ರೆಸ್ಸಿನಲ್ಲಿದ್ದು ಅಧಿಕಾರ ಕಳೆದುಕೊಂಡು, ಜನತಾ ಅಭ್ಯರ್ಥಿಯಾಗಿ ಚಿಕ್ಕಮಗಳೂರಿನಲ್ಲಿ ಸೋತ ವೀರೇಂದ್ರ ಪಾಟೀಲರು ಮುಂದೆ ಇಂದಿರಾ ಕಾಂಗ್ರೆಸ್ ಸೇರಿದರು. ಜನತಾ ಪರಿವಾರ ಒಳಜಗಳದಿಂದ ಹೆಸರು ಕೆಡಿಸಿಕೊಂಡಿದ್ದ 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಜನತಾದಳಕ್ಕೆ ಉಳಿದದ್ದು 24.