ಪರಸೆಯ ದಾರಿ, ಗುಡಿಯ ಬಾಗಿಲು

ಹರವೆ ಸೀಮೆಯ ಕೇರಿಗಳಲ್ಲಿ ‘ತೀರ್ಥಯಾತ್ರೆ’ ಅನ್ನೋ ಮಾತು ಕಿವಿಗೆ ಬೀಳೋದು ಕಡಿಮೆ. ‘ಪರಸೆಗೆ ಹೋಯ್ತೀವಿ’ ಅಂತಾರೆ. ತೀರ್ಥಯಾತ್ರೆ ಅನ್ನೋ ಮಾತಿನೊಳಗೆ ನೀರಿದೆ, ಪರಸೆ ಅನ್ನೋ ಮಾತಿನೊಳಗೆ ಜನ ಇದ್ದಾರೆ. ಮದುವೆ ಮನೆಯಲ್ಲಿ ಛತ್ರಿ ಹಿಡಿದು ಕಾಶಿಗೆ ಹೊರಟ ಹಾಗೆ ಮಾಡಿ, ನಾಲ್ಕು ಹೆಜ್ಜೆ ಇಟ್ಟು, ಮಾವ ಕರೆದ ಕೂಡಲೆ ಹಿಂದಿರುಗುವ ಶಾಸ್ತ್ರ ಮೇಲುಜಾತಿಗಳಲ್ಲಿ ಉಂಟು. ಕೂಲಿಯವನಿಗೆ ಈ ಆಟ ಆಡುವಷ್ಟು ಪುರುಸೊತ್ತಿಲ್ಲ. ಅವನು ಹೊರಟರೆ ಹೊರಟನೇ.

ಎಲ್ಲಿಗೆ ಹೊರಟ? ಯಾಕೆ ಹೊರಟ? ಹೋದಲ್ಲಿ ಅವನನ್ನು ಎಲ್ಲಿ ನಿಲ್ಲಿಸಿದರು? ಈ ಮೂರು ಪ್ರಶ್ನೆ ಕೇಳದೆ ಯಾತ್ರೆಯ ಚರಿತ್ರೆ ಬರೆದರೆ ಅದು ಸ್ಥಳಪುರಾಣವಾಗುತ್ತದೆ, ಚರಿತ್ರೆ ಆಗುವುದಿಲ್ಲ.

ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಜನ ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ತಾಳುಬೆಟ್ಟ ಮುಟ್ಟಿ, ಅಲ್ಲಿಂದ 77 ಮಲೆಯ ಒಡೆಯ ಮಾದಪ್ಪನ ಬೆಟ್ಟ ಹತ್ತುತ್ತಾರೆ. ಈಗ ಬೆಟ್ಟದ ಮೇಲಕ್ಕೇ ಬಸ್ಸು ಹೋಗುತ್ತದೆ. ಆದರೂ ನಡೆಯುವವರು ನಡೆಯುತ್ತಲೇ ಇದ್ದಾರೆ. ಕಾಯಿಲೆ, ಸಾಲ, ಮಕ್ಕಳಿಲ್ಲದ ಕೊರಗು, ಗಂಡನ ಕಾಟ: ಇವನ್ನೆಲ್ಲ ಹೇಳಿಕೊಳ್ಳೋಕೆ ಬಡವರಿಗೆ ಬೇರೆ ಕಚೇರಿ ಯಾವುದಿದೆ? ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕತೆಯಲ್ಲಿ ಸಂಕಮ್ಮನ ಸಾಲು ಬರುತ್ತದೆ. ಗಂಡ ನೀಲಯ್ಯ ಜೇನಿಗೆ ಕಾಡಿಗೆ ಹೊರಡುವಾಗ ಹೆಂಡತಿಯ ಶೀಲಕ್ಕೆ ಭಾಷೆ ಕೇಳುತ್ತಾನೆ. ಆಕೆ ಕೊಡುವುದಿಲ್ಲ. ಕಟ್ಟಿಹಾಕಿ ಹಿಂಸೆ ಕೊಟ್ಟು ಹೋಗುತ್ತಾನೆ. ಮಾದಪ್ಪ ಬಂದು ನಿಲ್ಲುವುದು ಗಂಡನ ಕಡೆಗಲ್ಲ, ಸಂಕಮ್ಮನ ಕಡೆಗೆ. ಈ ಕತೆ ಕೇಳಿ ಬೆಟ್ಟ ಹತ್ತುವ ಹೆಂಗಸಿನ ಭಕ್ತಿಯನ್ನು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನೊಂದು ಮಾತಿದೆ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಅದಕ್ಕೂ ಮುಂಚೆ ಒಡೆಯನ ಕೊಟ್ಟಿಗೆ, ಹೊಲ ಇಷ್ಟೇ ಜೀತದಾಳಿನ ಲೋಕ. ಅಂಥವನು ‘ಮಾದಪ್ಪನ ಹರಕೆ ಹೊತ್ತಿವ್ನಿ ಬುದ್ಧಿ’ ಅಂದರೆ ಒಡೆಯನೂ ಇಲ್ಲ ಅನ್ನಲು ಅಳುಕಬೇಕು. ದೇವರು ಒಡೆಯನಿಗೂ ಒಡೆಯ ತಾನೆ? ದಾರಿಯ ಆ ನಾಲ್ಕು ದಿನ ಅವನ ಕಾಲು ಅವನದು, ಅವನ ದನಿ ಅವನದು. ‘ಉಘೇ ಉಘೇ’ ಅಂತ ಗಂಟಲು ಹರಿಯುವಂತೆ ಕೂಗಬಹುದು. ಆಧ್ಯಾತ್ಮ ಅಂದರೆ ಇದಕ್ಕಿಂತ ದೊಡ್ಡದು ಏನೋ ಇರಬಹುದು. ಆದರೆ ಮೈ ತನ್ನದಾಗದವನಿಗೆ ಮೊದಲು ಬೇಕಾದ ಆಧ್ಯಾತ್ಮ ಇದೇ.

ಇದು ದಾರಿಯ ಮಾತು. ಬಾಗಿಲ ಮಾತೇ ಬೇರೆ.

ದೇವರುಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆಯನ್ನು ಮುಗಿಸಲು ಮಾದಪ್ಪನಿಗೆ ಮಾದಿಗರ ಹರಳಯ್ಯ ಬೇಕಾಗುತ್ತಾನೆ. ಹರಳಯ್ಯನ ಮೆಟ್ಟಿಲ್ಲದೆ ದೇವರ ಕೆಲಸವೂ ನಡೆಯಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲೂ ಅಷ್ಟೆ. ರಂಗಯ್ಯನಿಗೆ ಎರಡು ವರ್ಷಕ್ಕೊಮ್ಮೆ ದೊಡ್ಡ ಚಮ್ಮಾವುಗೆ ಮಾಡಿಕೊಡುವವರು ಬೂದಿತಿಟ್ಟಿನ ಮಾದಿಗರು. ದೇವರು ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ, ಸವೆಸುತ್ತಾನೆ ಅಂತ ನಂಬಿಕೆ. ಆ ಚಮ್ಮಾವುಗೆಯನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ಳುತ್ತಾರೆ. ಮಾದಿಗನ ಕೈಯ ಚರ್ಮ ಮೇಲುಜಾತಿಯವರ ತಲೆಯ ಮೇಲೆ ಕೂತಿತು. ಚರ್ಮ ಹದ ಮಾಡಿದ ಆ ಕೈ ಮಾತ್ರ ಬಹುಕಾಲ ಮೈಲಿಗೆಯಾಗಿಯೇ ಉಳಿಯಿತು. ದೇಶದ ಗುಡಿಗಳ ಬಾಗಿಲಲ್ಲಿ ಜಾತಿ ಹಿಡಿದು ತಡೆಯುವುದನ್ನು ಅಪರಾಧ ಅಂತ ಹೇಳಲು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬೇಕಾಯಿತು.

ನಮ್ಮ ಸೀಮೆಯೊಂದರ ಕತೆ ಇದಲ್ಲ. ಕನ್ನಡ ಗಡಿಯಾಚೆಯ ಪಂಢರಪುರ ನೋಡಿ. 14ನೇ ಶತಮಾನದ ಮಹಾರರ ಸಂತ ಚೋಖಾಮೇಳ ವಿಠಲನಿಗಾಗಿ ಬದುಕಿಡೀ ಹಾಡಿದ. ಬಸವಣ್ಣ ಕರಣಿಕನಾಗಿದ್ದ ಅದೇ ಮಂಗಳವೇಡೆಯಲ್ಲಿ, ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿ, ಗೋಡೆ ಕುಸಿದು ಸತ್ತ ಅನ್ನುತ್ತಾರೆ. ಅವನ ಸಮಾಧಿ ಇರುವುದು ವಿಠಲನ ಗುಡಿಯ ಹೊರಗೆ, ಮೆಟ್ಟಿಲ ಬುಡದಲ್ಲಿ. ಅವನ ಜನಕ್ಕೆ ಆ ಬಾಗಿಲು ತೆರೆದದ್ದು ಆರು ನೂರು ವರ್ಷ ಕಳೆದ ಮೇಲೆ, 1947ರಲ್ಲಿ, ಸಾನೆ ಗುರೂಜಿ ಉಪವಾಸ ಕೂತಾಗ.

ದಾರಿಯಾದರೂ ಪೂರ್ತಿ ಸಮನಾಗಿತ್ತೆ? ಪಂಢರಪುರಕ್ಕೆ ವಾರಕರಿಗಳ ಜತೆ ನಡೆದ ಇರಾವತಿ ಕರ್ವೆಯವರ ಬರಹ 1962ರಲ್ಲಿ ಇಂಗ್ಲಿಷಿನಲ್ಲೂ ಬಂತು. ಒಂದೇ ದಿಂಡಿಯಲ್ಲಿ ಒಂದೇ ಹಾಡು ಹಾಡಿಕೊಂಡು ನಡೆದ ಬ್ರಾಹ್ಮಣರೂ ಮರಾಠರೂ ಊಟದ ಹೊತ್ತಿಗೆ ಬೇರೆ ಬೇರೆ ಅಡುಗೆ ಮಾಡಿಕೊಂಡು ಬೇರೆ ಬೇರೆ ಕೂತದ್ದನ್ನು ಅವರು ನೊಂದು ಬರೆದಿದ್ದಾರೆ. ಕಾಲು ಕೂಡಿದವು, ಎಲೆ ಕೂಡಲಿಲ್ಲ.

ಅದೇ ನಾಡಿನಲ್ಲಿ, 1930ರ ಮಾರ್ಚ್ 2ರಂದು, ಅಂಬೇಡ್ಕರ್ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುಮಾಡಿದರು. ವರ್ಷಗಟ್ಟಲೆ ನಡೆಯಿತು. ಬಾಗಿಲು ತೆರೆಯಲಿಲ್ಲ. ಕೊನೆಗೆ 1935ರ ಅಕ್ಟೋಬರ್‌ನಲ್ಲಿ ಯೇವಲೆಯಲ್ಲಿ ನಿಂತು, ಹಿಂದೂವಾಗಿ ಸಾಯುವುದಿಲ್ಲ ಅಂತ ಸಾರಿದರು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧರಾದರು. ಇವತ್ತು ಆ ದೀಕ್ಷಾಭೂಮಿಗೂ, ಡಿಸೆಂಬರ್ 6ರಂದು ಮುಂಬಯಿಯ ಚೈತ್ಯಭೂಮಿಗೂ ಜನ ಹರಿದುಬರುತ್ತಾರೆ. ಅದೂ ಪರಸೆಯೇ. ಅಲ್ಲಿಂದ ಜನ ಮನೆಗೆ ಒಯ್ಯುವುದು ಪುಸ್ತಕ. ಬಾಗಿಲು ತೆರೆಯದಿದ್ದಾಗ ಆ ಜನ ಬಾಗಿಲೇ ಇಲ್ಲದ ಕಡೆಗೆ ದಾರಿ ಮಾಡಿಕೊಂಡರು.

ಕಡಲಾಚೆಯ ಒಂದು ಉದಾಹರಣೆ. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಕರಿಯರ ನಾಯಕ ಮಾಲ್ಕಂ ಎಕ್ಸ್ ಮೆಕ್ಕಾಕ್ಕೆ ಹೋದರು. ಹಜ್ ಯಾತ್ರೆಯಲ್ಲಿ ಗಂಡಸರೆಲ್ಲ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಳ್ಳಬೇಕು. ದೊರೆಯೂ ಅಷ್ಟೆ, ಕೂಲಿಯೂ ಅಷ್ಟೆ. ಬಿಳಿಯರೊಡನೆ ಒಂದೇ ತಟ್ಟೆಯಲ್ಲಿ ಉಂಡೆ ಅಂತ ಅವರು ಅಲ್ಲಿಂದ ಬರೆದ ಪತ್ರ ಪ್ರಸಿದ್ಧ. ಆದರೆ ಅವರು ಅಲ್ಲೇ ಉಳಿಯಲಿಲ್ಲ. ಊರಿಗೆ ಬಂದು ತಮ್ಮ ಜನರ ಹಕ್ಕಿನ ಹೋರಾಟ ಮುಂದುವರಿಸಿದರು. 1965ರ ಫೆಬ್ರವರಿಯಲ್ಲಿ ಕೊಲೆಯಾದರು. ಆ ತಟ್ಟೆಯ ಅನ್ನ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಅಂಥ ತಟ್ಟೆ ನಮ್ಮಲ್ಲಿ ಇಲ್ಲವೆ? ಇದೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ. ಸಿದ್ದಪ್ಪಾಜಿ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯ ಶಿಶುಮಗ, ಕಬ್ಬಿಣದ ಕೆಲಸದವರ ಮನೆಯ ಹುಡುಗ. ನೀಲಗಾರರು ತಂಬೂರಿ ಮೀಟಿ ಹಾಡುವ ಕತೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕೊಳಕು ಮೈಯ ತಿರುಕನಾಗಿ. ಶರಣರ ಬಾಗಿಲೂ ಮೈಲಿಗೆ ನೋಡುತ್ತದೆಯೇ ಅನ್ನುವುದೇ ಅಲ್ಲಿನ ಪರೀಕ್ಷೆ. ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ. ಉರಿ ಯಾವ ದಿಕ್ಕಿಗೆ ವಾಲಿತೋ ಆ ದಿಕ್ಕಿಗೆ ಮಳೆ ಬೆಳೆ ಅಂತ ಜನ ನೋಡುತ್ತಾರೆ. ನಾಲ್ಕನೇ ದಿನ ಪಂಕ್ತಿ ಸೇವೆ. ಬಿಡಾರ ಬಿಡಾರದಲ್ಲಿ ಬಾಡು ಬೇಯುತ್ತದೆ. ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದೇ ಪೂಜೆ. ಇಲ್ಲಿ ಎಲೆಯೂ ಕೂಡಿತು.

ಈಚಿನ ವರ್ಷಗಳಲ್ಲಿ ಈ ಪಂಕ್ತಿಗೇ ಕುತ್ತು ಬಂದಿದೆ. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಮುಂದಿಟ್ಟುಕೊಂಡು ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಆಡು, ಕುರಿ, ಕೋಳಿ ತಡೆದಿದ್ದಾರೆ. ನಾವು ಬಲಿ ಕೊಡುತ್ತಿಲ್ಲ, ಅಡುಗೆ ಮಾಡಿ ಉಣ್ಣುತ್ತಿದ್ದೇವೆ ಅನ್ನುವುದು ಒಕ್ಕಲುಗಳ ವಾದ. ಬಾಡಿಲ್ಲದ ಪಂಕ್ತಿ ನಡೆಯಬಾರದೆ ಅಂತ ಕೇಳುವವರಿದ್ದಾರೆ. ನಿಮ್ಮ ಅನ್ನ ಬಿಟ್ಟು ನಮ್ಮ ಸಾಲಿಗೆ ಬನ್ನಿ ಅನ್ನುವುದು ಸಮಾನತೆಯಲ್ಲ. ಹಳೇ ಬಾಗಿಲೇ ಈಗ ಎಲೆಯ ಮುಂದೆ ಬಂದು ನಿಂತಿದೆ, ಅಷ್ಟೆ.

ಆದರೆ ಬರೀ ಸರ್ಕಾರವನ್ನು ಬಯ್ದರೆ ಸಾಲದು. ಚಿಕ್ಕಲ್ಲೂರಿನಲ್ಲಿ ಒಂದೇ ಸಾಲಿನಲ್ಲಿ ಉಂಡವರು ಊರಿಗೆ ಬಂದ ಮಾರನೇ ದಿನ ಏನು ಮಾಡುತ್ತಾರೆ? ಕೇರಿಯವನು ಕೇರಿಗೆ, ಊರವನು ಊರಿಗೆ. ಕ್ಷೌರದ ಅಂಗಡಿ, ಹೋಟೆಲಿನ ಲೋಟ, ಊರ ಮಾರಿಗುಡಿ, ಎಲ್ಲ ಕಡೆ ಹಳೇ ಲೆಕ್ಕ ಮತ್ತೆ ತೆರೆಯುತ್ತದೆ. ವರ್ಷಕ್ಕೊಂದು ದಿನ ಕೂಡಿ ಉಂಡು, ಉಳಿದ ದಿನ ಬೇರೆ ಕೂತರೆ, ಆ ಒಂದು ದಿನ ಜಾತಿಗೆ ಕೊಟ್ಟ ರಜೆ ಆಗುತ್ತದೆಯೇ ಹೊರತು ಜಾತಿಯ ಸಾವಲ್ಲ.

ಹಾಗಾದರೆ ಪರಸೆ ಮುಗಿಯುವುದು ಬೆಟ್ಟದಲ್ಲಲ್ಲ, ವಾಪಸು ಬಂದ ಊರಿನಲ್ಲಿ. ಅಲ್ಲಿ ಹಾಸಿದ ಎಲೆಯನ್ನು ಇಲ್ಲೂ ಹಾಸಬೇಕು. 77 ಮಲೆ ಹತ್ತಿ ಇಳಿಯುವ ಜನಕ್ಕೆ ಊರಬೀದಿಗೂ ಕೇರಿಗೂ ನಡುವಿನ ನಾಲ್ಕು ಮಾರು ನಡೆಯೋಕೆ ಇನ್ನೆಷ್ಟು ವರ್ಷ ಬೇಕು?