‘ಮರೆತುಬಿಡು’ ಎನ್ನದ ವೈದ್ಯ

ಸಾವಿನ ಮನೆಗೆ ಮಾತನಾಡಿಸಲು ಹೋದವರು ಹೊರಡುವ ಮುಂಚೆ ಹೇಳುವ ಮಾತು ಹೆಚ್ಚಾಗಿ ಒಂದೇ: ‘ಆದದ್ದು ಆಗಿಹೋಯಿತು, ಮರೆತು ಮುಂದಿನದು ನೋಡಿ.’ ಹೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವೈದ್ಯರೂ ರಣರಂಗದಿಂದ ಕಂಗೆಟ್ಟು ಮರಳಿದ ಸೈನಿಕರಿಗೆ ಇದನ್ನೇ ಬುದ್ಧಿವಾದವಾಗಿ ಹೇಳುತ್ತಿದ್ದರು. ಕಂಡದ್ದನ್ನು ನೆನೆಯಬೇಡಿ, ಯಾರೊಡನೆಯೂ ಆಡಬೇಡಿ, ಸುಂದರ ದೃಶ್ಯಗಳತ್ತ ಮನಸ್ಸು ಹರಿಸಿ ಎಂಬುದೇ ಅಂದಿನ ಔಷಧ. ಅದು ಗುಣಪಡಿಸುವುದಿಲ್ಲ, ಎಷ್ಟೋ ಸಲ ನೋವನ್ನು ಹೆಚ್ಚಿಸುತ್ತದೆ ಎಂದು 1917ರ ಡಿಸೆಂಬರ್‌ನಲ್ಲಿ ಲಂಡನ್ನಿನ ವೈದ್ಯರ ಮುಂದೆ ವಾದಿಸಿದವರು ಡಾ. ಡಬ್ಲ್ಯು. ಎಚ್. ಆರ್. ರಿವರ್ಸ್.

ಮೈಮೇಲೆ ಗಾಯವಿಲ್ಲ, ಆದರೆ ಕೈಕಾಲು ನಡುಕ, ಮಾತು ನಿಂತಿದೆ, ರಾತ್ರಿ ಕಣ್ಣು ಮುಚ್ಚಿದರೆ ಚೀತ್ಕಾರ. ಈ ಸ್ಥಿತಿಗೆ 1915ರಲ್ಲಿ ‘ಷೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಪತ್ರಿಕೆಗೆ ಬಂತು. ಸಿಡಿಗುಂಡಿನ ಹೊಡೆತಕ್ಕೆ ಮೆದುಳು ಅಲುಗಿದೆಯೆಂಬುದು ಮೊದಲ ಊಹೆ. ಗುಂಡು ಸಿಡಿದ ಜಾಗದ ಹತ್ತಿರವೂ ಸುಳಿಯದವರಲ್ಲಿ ಅದೇ ಲಕ್ಷಣ ಕಂಡಾಗ ಊಹೆ ಬಿದ್ದುಹೋಯಿತು. ಸೇನೆಯ ಹಲವು ಅಧಿಕಾರಿಗಳಿಗಂತೂ ಇದು ಬರೀ ಹೇಡಿತನ. ರಣರಂಗದಿಂದ ಓಡಿಹೋದದ್ದು, ಹೇಡಿತನ ಮುಂತಾದ ಆರೋಪಗಳ ಮೇಲೆ ತಮ್ಮದೇ ಸೇನೆಯ ಗುಂಡಿಗೆ ಬಲಿಯಾದ 306 ಮಂದಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ!

ರಿವರ್ಸ್ ಅವರಿಗೆ ನಮ್ಮ ಕಡೆಯ ನಂಟೂ ಇದೆ. 1901-02ರಲ್ಲಿ ಅವರು ನೀಲಗಿರಿಗೆ ಬಂದು, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ನೆರೆಯವರಾದ ತೋಡರ ನಡುವೆ ಕೆಲವು ತಿಂಗಳು ಅಧ್ಯಯನ ನಡೆಸಿದರು. 1906ರಲ್ಲಿ ಹೊರಬಂದ 700ಕ್ಕೂ ಹೆಚ್ಚು ಪುಟಗಳ ಅವರ ಗ್ರಂಥದಲ್ಲಿ ತೋಡರ ಶವಸಂಸ್ಕಾರದ ವಿವರಗಳಿವೆ. ಸತ್ತವರಿಗೆ ಆಗ ಎರಡು ಸಂಸ್ಕಾರ. ಮೊದಲನೆಯದರಲ್ಲಿ ದಹನ. ಉಳಿಸಿಕೊಂಡ ಕೂದಲು, ತಲೆಬುರುಡೆಯ ಚೂರುಗಳಿಗೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇನ್ನೊಂದು. ಅಲ್ಲಿ ಅಳುವುದೂ ಒಬ್ಬಂಟಿ ಕೆಲಸವಲ್ಲ. ಇಬ್ಬಿಬ್ಬರು ಹಣೆಗೆ ಹಣೆ ಒತ್ತಿಕೊಂಡು ಅಳುತ್ತಿದ್ದರು. ಇದನ್ನು ಮುಂದಿನ ಚಿಕಿತ್ಸೆಗೆ ನೇರವಾಗಿ ಗಂಟುಹಾಕುವುದು ಅತಿಯಾದೀತು. ದುಃಖಕ್ಕೆ ಹೊತ್ತನ್ನೂ ಜೊತೆಯನ್ನೂ ಕೊಟ್ಟ ಜನರನ್ನು ಆತ ಹತ್ತಿರದಿಂದ ಕಂಡಿದ್ದಂತೂ ನಿಜ.

ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆಗೆ ರಿವರ್ಸ್ ಬಂದದ್ದು 1916ರಲ್ಲಿ. ಅವರ ಉಪನ್ಯಾಸದಲ್ಲಿ ಬರುವ ಒಬ್ಬ ಅಧಿಕಾರಿಯ ಕತೆ ಹೀಗಿದೆ. ಕಾಣೆಯಾದ ಗೆಳೆಯನನ್ನು ಹುಡುಕಲು ಹೋದಾತನಿಗೆ ಸಿಕ್ಕದ್ದು ತಲೆ, ಕೈಕಾಲು ಬೇರೆಬೇರೆಯಾಗಿ ಬಿದ್ದ ದೇಹ. ಅಂದಿನಿಂದ ಪ್ರತಿ ರಾತ್ರಿ ಅದೇ ಗೆಳೆಯ ಕನಸಿಗೆ ಬರುವನು; ಒಮ್ಮೊಮ್ಮೆ ಕುಷ್ಠ ತಿಂದ ಮುಖ ಹೊತ್ತು. ಮರೆಯಬೇಕೆಂದು ಹಗಲೆಲ್ಲ ಹೆಣಗುತ್ತಿದ್ದ ಆತನನ್ನು ರಿವರ್ಸ್ ಆ ದೃಶ್ಯದ ಎದುರಿಗೇ ಕೂರಿಸಿದರು. ದೇಹ ಅಷ್ಟು ಛಿದ್ರವಾಗಿದೆ ಎಂದರೆ ನಿಮ್ಮ ಗೆಳೆಯ ತಕ್ಷಣವೇ ಪ್ರಾಣ ಬಿಟ್ಟಿದ್ದಾನೆ, ನರಳಲಿಲ್ಲ ಎಂದು ತಿಳಿಸಿಕೊಟ್ಟರು. ಅಧಿಕಾರಿಯ ಮುಖ ಅರಳಿತು. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಮತ್ತೆ ಬಿದ್ದಾಗ ಆತ ಗೆಳೆಯನ ಶವದ ಪಕ್ಕ ಮಂಡಿಯೂರಿ, ಅವನ ಮನೆಯವರಿಗೆ ಕಳಿಸಲೆಂದು ವಸ್ತುಗಳನ್ನು ಬಿಚ್ಚಿಕೊಳ್ಳುತ್ತಿದ್ದ. ದುಃಖವಿತ್ತು, ಭಯವಿರಲಿಲ್ಲ.

ಹಾಗೆಂದು ನೋವನ್ನೇ ದಿನವಿಡೀ ಮೆಲುಕು ಹಾಕಿ ಎಂದು ರಿವರ್ಸ್ ಹೇಳಲಿಲ್ಲ. ಅದೂ ಅಷ್ಟೇ ಕೆಟ್ಟದ್ದೆಂದು ಎಚ್ಚರಿಸಿದರು. ತಮ್ಮ ಉಪಾಯ ಸೋತದ್ದನ್ನೂ ಮುಚ್ಚಿಡಲಿಲ್ಲ. ಸ್ಫೋಟದ ರಭಸಕ್ಕೆ ಕೊಳೆತ ಶವದ ಮೇಲೆ ಮುಖ ಅಪ್ಪಳಿಸಿ ಬಿದ್ದಿದ್ದ ಅಧಿಕಾರಿಯೊಬ್ಬನ ನೆನಪಿನಲ್ಲಿ ಸಮಾಧಾನಕ್ಕೆ ಹಿಡಿದುಕೊಳ್ಳಬಹುದಾದ ಒಂದೆಳೆಯೂ ಅವರಿಗೆ ಸಿಗಲಿಲ್ಲ. ಸೇನೆ ಬಿಟ್ಟು, ಹಿಂದೆ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿಗೆ ಹೋಗಿರಿ ಎಂದರು. ವೈದ್ಯನೊಬ್ಬ ತನ್ನ ಸೋಲನ್ನು ಹೀಗೆ ಸಭೆಯ ಮುಂದೆ ಇಡುವುದು ಇಂದಿಗೂ ಅಪರೂಪವೇ.

ಕ್ರೇಗ್‌ಲಾಕ್‌ಹಾರ್ಟ್ ಅಧಿಕಾರಿಗಳಿಗೆ ಮೀಸಲು ಎಂಬುದನ್ನು ಮರೆಯುವಂತಿಲ್ಲ. ಅದೇ ವರ್ಷಗಳಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಡಾ. ಲೂಯಿಸ್ ಯೀಲ್ಯಾಂಡ್, ಮಾತು ನಿಂತ ಸೈನಿಕರ ಗಂಟಲಿಗೆ ವಿದ್ಯುತ್ ಹಾಯಿಸಿ ಮಾತು ‘ಹೊರಡಿಸುತ್ತಿದ್ದರು’. ಸಾಮಾನ್ಯ ಸಿಪಾಯಿಯ ಕತೆಯನ್ನು ಕುಳಿತು ಕೇಳುವಷ್ಟು ಪುರಸೊತ್ತು ಎಷ್ಟು ಕಡೆ ಇತ್ತು?

ರಿವರ್ಸ್ ಅವರ ಸಂಕಟ ಬೇರೆಯದೇ. ವಾಸಿಯಾದವನನ್ನು ಮತ್ತೆ ಯುದ್ಧಕ್ಕೆ ಕಳಿಸುವುದೇ ಅವರ ಹುದ್ದೆಯ ಕರ್ತವ್ಯ. 1917ರ ಜುಲೈನಲ್ಲಿ ಅವರ ಬಳಿ ಬಂದ ಕವಿ ಸೀಗ್‌ಫ್ರಿಡ್ ಸಸೂನ್ ಯುದ್ಧವನ್ನು ಖಂಡಿಸಿ ಬಹಿರಂಗ ಹೇಳಿಕೆ ಕೊಟ್ಟಿದ್ದರು. ವಿಚಾರಣೆ ತಪ್ಪಿಸಲು ಅವರಿಗೆ ರೋಗಿಯ ಪಟ್ಟ ಕಟ್ಟಲಾಗಿತ್ತು. ವಾರವಾರವೂ ಇಬ್ಬರೂ ಕುಳಿತು ಮಾತನಾಡಿದರು. ನವೆಂಬರಿನಲ್ಲಿ ಸಸೂನ್ ತಾವಾಗಿಯೇ ಸೇನೆಗೆ ಮರಳಲು ಒಪ್ಪಿದರು, 1918ರ ಜುಲೈನಲ್ಲಿ ತಲೆಗೆ ಗುಂಡು ತಗುಲಿಯೂ ಬದುಕಿಕೊಂಡರು.

ರಿವರ್ಸ್ 1922ರ ಜೂನ್‌ನಲ್ಲಿ, 58ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. 1936ರಲ್ಲಿ ಸಸೂನ್ ತಮ್ಮ ಯುದ್ಧಾನುಭವಗಳ ಮೂರನೆಯ ಸಂಪುಟ ಪ್ರಕಟಿಸಿದರು. ಅದರಲ್ಲಿ ತಮ್ಮ ಹೆಸರನ್ನೇ ಬದಲಿಸಿಕೊಂಡಿದ್ದ ಅವರು, ಈ ವೈದ್ಯರ ಹೆಸರನ್ನು ಮಾತ್ರ ಇದ್ದಂತೆಯೇ ಉಳಿಸಿದರು.